ಬೋರ್ಡೋ ಕೂಡ ಒಂದು ಊರು

ಮಾನ್ಯ ಸಂಪಾದಕರೇ,

ನಮ್ಮ ಮಾವನವರಿಗೆ ಕಣ್ಣು ಮಂಜಾಗಿದೆ. ಬೆಳಗ್ಗೆ ಜಗಲಿಯಲ್ಲಿ ಕೂತು ನಾನು ಪೇಪರ್ ಓದಿ ಹೇಳುತ್ತೇನೆ, ಅವರು ಕವಳ ಹಾಕುತ್ತಾ ಕೇಳುತ್ತಾರೆ. ಕೃಷಿ ಪುಟ ಬಂದ ದಿನ ಒಂದು ಸಾಲೂ ಬಿಡುವ ಹಾಗಿಲ್ಲ. ಕಳೆದ ಮಳೆಗಾಲದಲ್ಲಿ, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಲೇಖನ ಬಂದಿತ್ತು. ರೋಗ ತರುವ, ಶಿಲೀಂಧ್ರದಂಥ ಜೀವಿಯ ಹೆಸರು ಮೇಲೆ ‘ಪಿಟೋಪ್ತೋರ’ ಅಂತಿತ್ತು, ನಾಲ್ಕು ಸಾಲು ಕೆಳಗೆ ಅದೇ ‘ಫೈಥೋಪ್ಥೆರಾ’ ಆಗಿತ್ತು. ನಾನು ಇದ್ದ ಹಾಗೆ ಓದಿದೆ. ಮಾವ ಎದ್ದು ಹೋಗಿ ಕವಳ ಉಗಿದು ಬಂದು, “ಎರಡು ರೋಗವಾ ಅಮ್ಮಾ? ಎರಡಕ್ಕೂ ಬೇರೆ ಬೇರೆ ಔಷಧಿ ಹೊಡೀಬೇಕಾ?” ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ.

ಸಂಜೆ ಮಗಳು ಕಾಲೇಜಿನಿಂದ ಬಂದ ಮೇಲೆ ಮೊಬೈಲಿನ ಡಿಕ್ಷನರಿಯಲ್ಲಿ ಹುಡುಕಿ ಉಚ್ಚಾರ ಕೇಳಿಸಿದಳು. ಫೈಟಾಫ್ತರ. ಗ್ರೀಕಿನಲ್ಲಿ ಫೈಟಾನ್ ಅಂದರೆ ಗಿಡ, ಫ್ತೊರಾ ಅಂದರೆ ನಾಶ. 1876ರಲ್ಲಿ ಜರ್ಮನಿಯ ಡಿ ಬಾರಿ ಅನ್ನುವ ವಿಜ್ಞಾನಿ ಈ ಹೆಸರಿಟ್ಟರಂತೆ, ಅದೂ ಆಲೂಗೆಡ್ಡೆಯ ರೋಗಕ್ಕೆ. 1845ರಲ್ಲಿ ಐರ್ಲೆಂಡಿಗೆ ಬಂದು ಅಲ್ಲಿನ ಜನರನ್ನು ಕ್ಷಾಮಕ್ಕೆ ತಳ್ಳಿದ ರೋಗ ಅದು. ನಮ್ಮ ಅಡಿಕೆಗೆ ಬರುವುದು ಅದರ ದಾಯಾದಿ. ಇಷ್ಟು ಹೇಳಿದ ಮೇಲೆ ಮಾವ ಆ ಹೆಸರನ್ನು ಮರೆತಿಲ್ಲ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರನಿಗೂ ಹೇಳಿಕೊಟ್ಟಿದ್ದಾರೆ. ಅರ್ಥ ಗೊತ್ತಾದರೆ ಹೆಸರು ನಾಲಿಗೆಗೆ ತಾನಾಗೇ ಬರುತ್ತದೆ, ಅಲ್ವಾ?

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಕಥೆಯೂ ಇದೇ. ತೋಟದಲ್ಲಿ ಹಿರಿಯರೆಲ್ಲ ಬೋರ್ಡೋ ಅಂತ ಸರಿಯಾಗೇ ಹೇಳುತ್ತಾರೆ, ಕಿವಿಯಿಂದ ಕಲಿತವರು ಅವರು. ಇಂಗ್ಲಿಷ್ ಓದಿದ ನನ್ನ ಮಗ ಪೊಟ್ಟಣ ನೋಡಿ ಅಂಗಡಿಯಲ್ಲಿ ‘ಬೋರ್ಡಿಯಾಕ್ಸ್’ ಅಂದ. ಅಲ್ಲಿದ್ದವರು ನಕ್ಕರು. ಆಮೇಲೆ ಅವನು ಅಂಗಡಿಯಲ್ಲಿ ಯಾವ ಔಷಧಿಯ ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಚೀಟಿ ಬರೆದು ಕೊಡುತ್ತಾನೆ. ತಪ್ಪು ಅವನದಲ್ಲ. ಆ ಹೆಸರಿನ ಕೊನೆಯಲ್ಲಿ ಇ, ಎ, ಯು, ಎಕ್ಸ್ ಅಂತ ನಾಲ್ಕು ಅಕ್ಷರ ಇವೆ, ಫ್ರೆಂಚಿನಲ್ಲಿ ನಾಲ್ಕೂ ಸೇರಿದರೆ ಬರೀ ಓ. ಅದನ್ನು ಅವನಿಗೆ ಯಾರು ಹೇಳಿಕೊಟ್ಟಿದ್ದರು?

ಬೋರ್ಡೋ ಫ್ರಾನ್ಸಿನ ಒಂದು ಊರು, ಸುತ್ತ ದ್ರಾಕ್ಷಿ ತೋಟಗಳ ಸೀಮೆ. ಹೋಗಿಬರುವವರು ಹಣ್ಣು ಕೀಳದಿರಲಿ ಅಂತ ಅಲ್ಲಿ ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು, ಸುಣ್ಣದ ಜೊತೆ ಕಲಸಿ ಹೊಡೆಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ಹತ್ತದೇ ಇದ್ದದ್ದನ್ನು ಮಿಯಾರ್ದೆ ಅನ್ನುವ ಪ್ರೊಫೆಸರ್ ನೋಡಿ, ಪ್ರಯೋಗ ಮಾಡಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು, ಅಡಿಕೆಗೆ ಇದೇ ದ್ರಾವಣ ಆಗುತ್ತದೆ ಅಂತ ತೋರಿಸಿದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ ಮೇಲೆ ಮಾವ ಇವತ್ತಿಗೂ ಕತ್ತಿಯ ಅಲಗನ್ನು ಡ್ರಮ್ಮಿಗೆ ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಕಣ್ಣಿಗೆ ತೀರಾ ಹತ್ತಿರ ಹಿಡಿಯಬೇಕು ಈಗ. ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಅಂತ ಲೆಕ್ಕ.

ಇನ್ನೊಂದು ಮಾತು. ನಮ್ಮ ‘ಕೊಳೆರೋಗ’ ಈಗ ಇಂಗ್ಲಿಷ್ ಡಿಕ್ಷನರಿಯಲ್ಲಿದೆ. ಆದರೆ ಇಂಗ್ಲಿಷಿಗೆ ಳ ಇಲ್ಲ, ಹಾಗಾಗಿ ಅಲ್ಲಿ ನೋಡಿ ಓದಿದರೆ ಅದು ‘ಕೊಲೆರೋಗ’ ಆಗುತ್ತದೆ. ಅಡಿಕೆಗೆ ಅವರು ಹೇಳುವ ಅರೀಕ ಕೂಡ ಇಲ್ಲಿಂದ ಹೋದದ್ದೇ. ಮಲಯಾಳದ ಅಡಕ್ಕ, ನಮ್ಮ ಅಡಿಕೆಯ ಒಡಹುಟ್ಟು, ಪೋರ್ಚುಗೀಸರ ಬಾಯಲ್ಲಿ ಹೊರಳಿ ಹಾಗಾಯಿತು. ಸೊರಬ ತಾಲ್ಲೂಕಿನ ಕ್ಯಾಸನೂರು ನೋಡಿ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಮೇಲೆ ಆ ಊರಿನ ಹೆಸರು ಜಗತ್ತಿನ ವೈದ್ಯರ ಪುಸ್ತಕಗಳಿಗೆಲ್ಲ ಹೋಯಿತು. ಯಾರಾದರೂ ಅದನ್ನು ಕೈಸಾನುರ್ ಅಂದರೆ ನಮಗೆ ಕಸಿವಿಸಿ ಆಗುತ್ತದೆ. ಬೋರ್ಡೋದವರಿಗೂ ಹಾಗೇ ಅಲ್ವಾ?

ಕನ್ನಡ ಲಿಪಿಯಲ್ಲಿ ಬರೆದದ್ದನ್ನೇ ಓದುತ್ತೇವೆ. ಬೇರಿನ ರೋಗ ತಡೆಯಲು ಮಣ್ಣಿಗೆ ಹಾಕುವ ಒಳ್ಳೆಯ ಶಿಲೀಂಧ್ರದ ಹೆಸರನ್ನು ನೀವು ‘ಟ್ರಿಚೋಡರ್ಮಾ’ ಅಂತ ಅಚ್ಚು ಹಾಕಿದರೆ ತಾಲ್ಲೂಕಿಗೆ ತಾಲ್ಲೂಕೇ ಹಾಗೇ ಹೇಳುತ್ತದೆ. ಗ್ರೀಕಿನಿಂದ ಬಂದ ಶಬ್ದಗಳಲ್ಲಿ ಸಿ, ಎಚ್ ಸೇರಿದರೆ ಸಾಮಾನ್ಯವಾಗಿ ಕ. ಕೆಮಿಸ್ಟ್ ಅನ್ನುತ್ತೇವೆ, ಚೆಮಿಸ್ಟ್ ಅನ್ನುವುದಿಲ್ಲ. ಅದೇ ರೀತಿ ಇದು ಟ್ರೈಕೋಡರ್ಮಾ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಇಂಥ ಹೆಸರು ಬಂದಾಗ ಗೊತ್ತಿದ್ದವರನ್ನು ಒಮ್ಮೆ ಕೇಳಿ, ಹೇಳುವ ಹಾಗೇ ಬರೆಯಿರಿ, ಲೇಖನದ ಉದ್ದಕ್ಕೂ ಒಂದೇ ಥರ ಇರಲಿ. ಮೊದಲ ಸಲ ಬಂದಾಗ ಅದರ ಅರ್ಥ ಒಂದು ಸಾಲಿನಲ್ಲಿ ಹೇಳಿ. ಜಾಸ್ತಿ ಜಾಗ ಬೇಡ. ಮಳೆ ಹಿಡಿಯುವ ಮುಂಚೆ, ಮೊದಲ ಔಷಧಿ ಹೊಡೆಯುವ ಹೊತ್ತಿಗೆ, ನಾವು ಅಂಗಡಿಯಲ್ಲಿ ಕೇಳುವ ಔಷಧಿಗಳ ಹೆಸರನ್ನೆಲ್ಲ ಹೀಗೆ ಒಂದು ಕಡೆ ಅಚ್ಚು ಹಾಕಿದರೆ ಕತ್ತರಿಸಿ ಪಂಪ್ ಇಡುವ ಕೋಣೆಯ ಬಾಗಿಲಿಗೆ ಅಂಟಿಸುತ್ತೇನೆ. ಮಗನೂ ಓದಲಿ.

ಇಂತಿ,
ಅಡಿಕೆ ಬೆಳೆಗಾರ್ತಿ,
ತೀರ್ಥಹಳ್ಳಿ ತಾಲ್ಲೂಕು