ಸ್ಕ್ಯಾನ್ ಚೆನ್ನಾಗಿ ಬಂತು, ನಿಮಗೆಲ್ಲ ನಮಸ್ಕಾರ

ಅಪೆಂಡಿಕ್ಸ್ ಕ್ಯಾನ್ಸರಿನ ಕೀಮೋ ಮುಗಿದ ಮೇಲಿನ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಿಸಿಲ್ಲ, ಕ್ಯಾನ್ಸರಿನ ಸುಳಿವು ನೋಡುವ ಸಿಇಎ ರಕ್ತಪರೀಕ್ಷೆಯೂ ಸರಿಯಿದೆ. ಸೋಮವಾರಪೇಟೆಯಿಂದ ಮೈಸೂರಿನವರೆಗೆ ನನಗಾಗಿ ಹರಕೆ ಹೊತ್ತವರಿಗೆಲ್ಲ ಮೊದಲು ಈ ಸುದ್ದಿ.

ನಾನು ಮುಖವನ್ನೇ ನೋಡದ ಒಬ್ಬ ಪೆಥಾಲಜಿ ಡಾಕ್ಟರಿಗೆ ಕೈಮುಗಿಯಬೇಕು. ಅಪೆಂಡಿಕ್ಸ್ ತೆಗೆದಾಗ ಹೊಲಿಗೆ ಬಿಚ್ಚಿದರೆ ಮುಗಿಯಿತು ಎಂದೇ ಮನೆಯವರೆಲ್ಲ ಅಂದುಕೊಂಡಿದ್ದರು. ತೆಗೆದ ತುಂಡಿನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಹಿಡಿದವರು ಅವರು. ಅಪೆಂಡಿಕ್ಸ್‌ಗೂ ಕ್ಯಾನ್ಸರ್ ಬರುತ್ತದಾ ಎಂದು ಎಷ್ಟೋ ಜನ ಕೇಳಿದಿರಿ. ಅಪರೂಪಕ್ಕೆ ಬರುತ್ತದೆ. ಬಹಳಷ್ಟು ಸಲ ಹೀಗೆ ಮಾಮೂಲಿ ಆಪರೇಷನ್ ಆದ ಮೇಲೆಯೇ ಗೊತ್ತಾಗುತ್ತದೆ. ಅದಕ್ಕೇ ಆ ವರದಿಯನ್ನು ಕೇಳಿ ಪಡೆಯಿರಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಆಮೇಲೆ ಮೈಸೂರಿನಲ್ಲಿ ದೊಡ್ಡ ಕರುಳಿನ ಬಲಭಾಗವನ್ನೂ ಸುತ್ತಲಿನ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದರು. ಗ್ರಂಥಿಗಳಲ್ಲೂ ರೋಗ ಕಂಡದ್ದರಿಂದ ಕೀಮೋ. ಪಕ್ಕದ ಹಾಸಿಗೆಯ ಅಕ್ಕನಿಗೆ ರೋಗ ಹೊಟ್ಟೆಯೊಳಗೆಲ್ಲ ಹರಡಿತ್ತು. ಕಂಡ ಗಡ್ಡೆಗಳನ್ನೆಲ್ಲ ತೆಗೆದು, ಆಪರೇಷನ್ ಟೇಬಲ್ ಮೇಲೆಯೇ 41-43 ಡಿಗ್ರಿ ಬಿಸಿಯ ಕೀಮೋ ಔಷಧವನ್ನು ಹೊಟ್ಟೆಯೊಳಗೆ ಹರಿಸಿದ್ದರಂತೆ. ಹೈಪೆಕ್ ಎನ್ನುತ್ತಾರೆ. ಅಷ್ಟು ನೋವಿನಲ್ಲೂ ಅವರು ನನ್ನನ್ನು ಕರೆದು, "ಊಟ ಬಿಡಬೇಡ ಮಗಳೇ" ಎನ್ನುತ್ತಿದ್ದರು. ಅಕ್ಕಾ, ನಿಮ್ಮನ್ನು ದಿನವೂ ನೆನೆಯುತ್ತೇನೆ.

ರೈಲಿಲ್ಲದ ಜಿಲ್ಲೆ ನಮ್ಮ ಕೊಡಗು. ಪ್ರತಿ ಕೀಮೋಗೂ ಕುಶಾಲನಗರ, ಹುಣಸೂರು ದಾಟಿ ಕರೆದೊಯ್ದ ಜೀಪಿನ ಅಣ್ಣ ಡೀಸೆಲ್ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ. ಔಷಧ ಹೋಗಲೆಂದು ಎದೆಯ ಚರ್ಮದಡಿ ಕೂರಿಸಿದ ಪೋರ್ಟ್‌ಗೆ ಸಿಕ್ಕಿಸಿದ ಪಂಪಿನಲ್ಲಿ ಔಷಧ 46 ಗಂಟೆ ಹರಿಯಬೇಕು. ಅಷ್ಟೂ ಹೊತ್ತು ಚಿಕ್ಕಮ್ಮನ ಮನೆಯೇ ನನ್ನ ವಾರ್ಡ್.

ಇನ್ನು ಅತ್ತೆ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧ ಮೈಗೆ ಹೋದ ಮೇಲೆ ತಣ್ಣಗಿನದೇನು ಮುಟ್ಟಿದರೂ ಬೆರಳಿಗೆ ತುರಿಕೆ ಸೊಪ್ಪು ತಾಗಿದ ಹಾಗೆ. ಒಂದು ಗುಟುಕು ತಣ್ಣೀರಿಗೂ ಗಂಟಲು ಹಿಡಿಯುತ್ತಿತ್ತು. ನಮ್ಮ ಆಟಿ ಮಳೆಯಲ್ಲಿ ತಣ್ಣಗಿರದ ವಸ್ತು ಯಾವುದಿದೆ ಹೇಳಿ! ಅತ್ತೆ ಬಾಗಿಲ ಚಿಲಕಕ್ಕೆ ಹಳೇ ಸೀರೆಯ ತುಂಡು ಸುತ್ತಿದರು, ನನ್ನ ಸ್ಟೀಲ್ ಲೋಟ ಎತ್ತಿಟ್ಟರು, ಬೆಳಕು ಹರಿಯುವ ಮೊದಲೇ ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದರು. ಒದ್ದೆ ಸೌದೆಯ ಹೊಗೆಗೆ ಅವರ ಕಣ್ಣು ಕೆಂಪಾಗಿರುತ್ತಿತ್ತು. ಕಾಲ್ಬೆರಳಲ್ಲಿ ಜೋಮು ಇನ್ನೂ ಉಳಿದಿದೆ, ಅತ್ತೆ ಇನ್ನೂ ಎಣ್ಣೆ ತಿಕ್ಕುತ್ತಾರೆ.

ರಕ್ತ ಕೊಟ್ಟ ಹುಡುಗರಿಗೆ, ಕೀಮೋ ವಾರ್ಡಿನ ಸಿಸ್ಟರ್‌ಗಳಿಗೆ ನಾನು ಋಣಿ.

ಪಕ್ಕದ ತೋಟದವರೇ, ತೋಟದ ಕೆಲಸದವರ ಲೈನ್ ಮನೆಯವರೇ, ನಮ್ಮ ಅರೇಬಿಕಾ ಕಾಫಿ ಹಣ್ಣು ಉದುರಲು ಬಿಡದೆ ಕೊಯ್ದು, ಕಣದಲ್ಲಿ ಒಣಗಿಸಿ, ಮಾರಿದ ಲೆಕ್ಕವನ್ನು ಪೈಸೆ ಸಮೇತ ಬರೆದು ಕೊಟ್ಟಿರಿ. ಈ ಸಲ ನಿಮ್ಮ ಕೊಯ್ಲಿಗೆ ನಮ್ಮ ಮನೆಯವರೂ ನಾನೂ ಬರುತ್ತೇವೆ. ಕುಕ್ಕೆ ಹೊರುವುದು ಬೇಡ ಎಂದಿದ್ದಾರೆ ಡಾಕ್ಟರು, ಹಣ್ಣು ಬಿಡಿಸಲು ಅಡ್ಡಿಯಿಲ್ಲ.