ಮಗಳಿಗೊಂದು ಪತ್ರ: ಫೀಸ್ ಕಟ್ಟೋಕ್ ಮುಂಚೆ ಸ್ವಲ್ಪ ಓದಿ ನೋಡು

ಪುಟ್ಟಿ,

ಕೆಲಸದ ಜೊತೆಗೇ ಇಗ್ನೋ ಮುಕ್ತ ವಿವಿಲಿ ಎಂಎ ಹಿಸ್ಟರಿ ಮಾಡ್ತೀನಿ ಅಂದ್ಯಲ್ಲ, ನಂಗೆ ತುಂಬಾ ಖುಷಿ ಆಯ್ತು ಕಣೇ. ಪಿಯುಸಿಲಿ ಸೈನ್ಸ್ ತಗೊಂಡಾಗ್ಲೇ ನಿನ್ ಮನಸ್ಸು ಎಲ್ಲಿದೆ ಅಂತ ನಂಗೊತ್ತಿತ್ತು, ಬೇಲೂರಿಗೆ ಹೋದ್ರೆ ಎಲ್ರೂ ಶಿಲಾಬಾಲಿಕೆ ಹತ್ರ ಫೋಟೋ ತೆಗೆಸ್ಕೊಳ್ತಿದ್ರೆ ನೀನು ಶಾಸನದ ಕಲ್ಲಿನ ಮುಂದೆ ಅಕ್ಷರ ಕೂಡಿಸ್ತಾ ನಿಂತಿರ್ತಿದ್ದೆ. ಹಾಗಾಗಿ ಬೇಡ ಅನ್ನೋಕೆ ಬರೀತಿಲ್ಲ. ಫೀಸ್ ಕಟ್ಟೋ ಮುಂಚೆ ಅದೇ ಪಾಠನ ಒಂದಷ್ಟು ದಿನ ಓದಿ ನೋಡು ಅಂತ ಹೇಳೋಕೆ ಅಷ್ಟೇ.

ಇಗ್ನೋದವ್ರ ಪುಸ್ತಕಗಳು ಅವ್ರದ್ದೇ ಇ-ಜ್ಞಾನಕೋಶ್ ಸೈಟಲ್ಲಿ ಪಿಡಿಎಫ್ ಆಗಿ ಫ್ರೀಯಾಗಿ ಸಿಗ್ತವೆ. ಎಲ್ರೂ ವಿಜಯನಗರನೋ ಮೊಘಲರೋ ಇರೋ ಯೂನಿಟ್ಟನ್ನೇ ಮೊದ್ಲು ತೆಗೀತಾರೆ, ನೀನು ಹಾಗ್ ಮಾಡ್ಬೇಡ, ಅದು ನಿಂಗೆ ಇಷ್ಟ ಆಗೇ ಆಗುತ್ತೆ, ಅದ್ರಿಂದ ಏನೂ ಗೊತ್ತಾಗಲ್ಲ. ಮೊದ್ಲು ಹಿಸ್ಟೋರಿಯೋಗ್ರಫಿ ತೆಗಿ, ಅಂದ್ರೆ ಇತಿಹಾಸ ಹೇಗೆ ಬರೀತಾರೆ ಅನ್ನೋದ್ರ ಪಾಠ. ಅದ್ರಲ್ಲಿ ಒಂದು ಘಟನೆಗೆ ಇದೇ ಕಾರಣ ಅಂತ ಇತಿಹಾಸಕಾರರು ಯಾವ್ ಆಧಾರದ ಮೇಲೆ ಹೇಳ್ತಾರೆ, ಪಕ್ಷಪಾತ ಇಲ್ದೆ ಇತಿಹಾಸ ಬರೆಯೋಕಾಗುತ್ತಾ, ರಾಜರು ಯುದ್ಧಗಳಿಗಿಂತ ಜನಜೀವನನ ನೋಡೋ ಫ್ರಾನ್ಸಿನ ಅನಾಲ್ಸ್ ಪಂಥದವ್ರು ಏನಂದ್ರು, ತಳವರ್ಗದವ್ರ ಕಡೆಯಿಂದ ಇತಿಹಾಸ ಬರೆಯೋ ಸಬಾಲ್ಟರ್ನ್ ಗುಂಪಿನವ್ರು ಏನಂದ್ರು, ಇಂಥದ್ದೇ ಇರೋದು. ಆಮೇಲೆ ಭಾರತದ ಆರ್ಥಿಕ ಇತಿಹಾಸ, ಬೇಸಾಯ ಕಂದಾಯ ವ್ಯಾಪಾರ. ಆಫೀಸಿಂದ ಸುಸ್ತಾಗಿ ಬಂದ ರಾತ್ರಿ ಇವೆರಡನ್ನ ಓದ್ತಾ ಇನ್ನೊಂದು ಪುಟ ತಿರುಗಿಸ್ಬೇಕು ಅನ್ಸಿದ್ರೆ ಯೋಚ್ನೆನೇ ಬೇಡ, ಸೇರ್ಕೋ.

ಕೇಳೋಕೆ ಅಂದ್ರೆ ಅಮೆರಿಕಾದ ಯೇಲ್ ಯೂನಿವರ್ಸಿಟಿದು ಓಪನ್ ಯೇಲ್ ಕೋರ್ಸಸ್ ಅಂತ ಇದೆ, 2007ರಿಂದ, ಕ್ಲಾಸ್‌ರೂಮಲ್ಲಿ ರೆಕಾರ್ಡ್ ಮಾಡಿದ ಪೂರ್ತಿ ಪಾಠಗಳು, ಮಾತೆಲ್ಲ ಬರಹದಲ್ಲೂ ಸಿಗುತ್ತೆ. ಡೇವಿಡ್ ಬ್ಲೈಟ್ ಅವ್ರ ಅಮೆರಿಕಾ ಅಂತರ್ಯುದ್ಧದ ಕೋರ್ಸ್ ಇದೆ, ಡೊನಾಲ್ಡ್ ಕೇಗನ್ ಅವ್ರ ಪ್ರಾಚೀನ ಗ್ರೀಸ್ ಇದೆ. ಗ್ರೀಸ್ ಕೋರ್ಸಲ್ಲಿ ಹಾಪ್ಲೈಟ್ ಅನ್ನೋ ಕಾಲಾಳುಗಳ ವಿಷಯ ಬರುತ್ತೆ, ಅದನ್ನ ಬಿಡ್ಬೇಡ. ಅವ್ರು ದೊಡ್ಡ ದುಂಡು ಗುರಾಣಿನ ಎಡಗೈಲಿ ಹಿಡೀತಿದ್ರು, ಅದ್ರಲ್ಲಿ ಅರ್ಧ ತನ್ನ ಮೈ ಮುಚ್ಚಿದ್ರೆ ಇನ್ನರ್ಧ ಎಡಗಡೆ ನಿಂತವನ ಮೈ ಮುಚ್ಚುತ್ತೆ, ಅಂದ್ರೆ ನನ್ನ ಬಲಭಾಗ ಕಾಯೋನು ನನ್ನ ಬಲಕ್ಕೆ ನಿಂತವನು, ಅದಕ್ಕೇ ಪ್ರತಿಯೊಬ್ಬನೂ ಪಕ್ಕದವನ ಗುರಾಣಿಗೆ ಒತ್ಕೊಂಡು ಇಡೀ ಸೈನ್ಯನೇ ನಿಧಾನಕ್ಕೆ ಬಲಕ್ಕೆ ಸರೀತಿತ್ತಂತೆ. ಕ್ರಿ.ಪೂ. 418ರ ಮ್ಯಾಂಟಿನಿಯಾ ಯುದ್ಧದ ಬಗ್ಗೆ ಬರೀವಾಗ ಆ ಕಾಲದ ಗ್ರೀಕ್ ಇತಿಹಾಸಕಾರ ಥುಸಿಡಿಡಿಸ್ ಇದನ್ನ ಹೇಳಿದಾನೆ. ಎಷ್ಟ್ ಚೆನ್ನಾಗಿದೆ ಅಲ್ವಾ!

ಆದ್ರೆ ನೋಡು, ಪರೀಕ್ಷೆಲಿ ಗುರಾಣಿ ಹೇಗಿತ್ತು ಅಂತ ಬರೆದ್ರೆ ಸಾಕಾಗಲ್ಲ. ಸ್ವಂತ ಖರ್ಚಲ್ಲಿ ಆಯುಧ ತಂದು ಯುದ್ಧದ ಸಾಲಲ್ಲಿ ಹಾಪ್ಲೈಟ್ ಆಗಿ ನಿಂತ ರೈತರು ಊರಿನ ಆಡಳಿತದಲ್ಲೂ ಪಾಲು ಕೇಳಿದ್ರು ಅನ್ನೋ ವಾದ ಇದೆಯಲ್ಲ, ಅದಕ್ಕೆ ಪುರಾವೆ ಏನು, ಒಪ್ಪದವ್ರು ಯಾಕೆ ಒಪ್ಪಲ್ಲ, ಅದನ್ನ ಬರೀಬೇಕು. ಕಥೆ ಕೇಳಿ ಖುಷಿ ಪಡೋದು ಬೇರೆ, ವಾದ ಕಟ್ಟೋದು ಬೇರೆ. ನಿಂಗೆ ಎರಡನೇದೂ ಇಷ್ಟನಾ ಅನ್ನೋದು ವಿಡಿಯೋ ನೋಡಿದ್ರೆ ಗೊತ್ತಾಗಲ್ಲ, ಬರೆದ್ರೇ ಗೊತ್ತಾಗೋದು.

ಅದಕ್ಕೇ ಇಗ್ನೋ ಸೈಟಿಂದ ಎಂಎ ಹಿಸ್ಟರಿ ಅಸೈನ್‌ಮೆಂಟ್ ಪ್ರಶ್ನೆಪತ್ರಿಕೆ ಒಂದನ್ನ ಇಳಿಸ್ಕೋ. ಐದು ಪ್ರಶ್ನೆ ಬರೀಬೇಕು, ಒಂದೊಂದೂ ಸುಮಾರು 500 ಪದ, ಅಂತಿಮ ಅಂಕದಲ್ಲಿ ಅಸೈನ್‌ಮೆಂಟಿಗೆ 30 ಪರ್ಸೆಂಟ್, ಪರೀಕ್ಷೆಗೆ 70. ನೀನು ಒಂದೇ ಒಂದು ಬರಿ, ಲ್ಯಾಪ್‌ಟಾಪಲ್ಲಲ್ಲ, ಪೆನ್ ಹಿಡ್ಕೊಂಡು, ಪರೀಕ್ಷೆಲಿ ಮೂರು ಗಂಟೆ ಕೈಲೇ ಬರೀಬೇಕು ತಾನೇ, ಕೀಬೋರ್ಡ್ ಕುಟ್ಟಿ ಅಭ್ಯಾಸ ಆದ ಕೈ ಎಷ್ಟ್ ಬೇಗ ನೋಯುತ್ತೆ ಅನ್ನೋದೂ ಗೊತ್ತಾಗ್ಲಿ.

ಇನ್ನೊಂದು, ಇಗ್ನೋ ಎಂಎ ಇಂಗ್ಲಿಷ್ ಇಲ್ಲಾ ಹಿಂದಿಲಿ ಬರೀಬೇಕು. ಬರೀತಾ ಬರೀತಾ ಕನ್ನಡದಲ್ಲೇ ವಿಚಾರ ಸಲೀಸಾಗಿ ಬರ್ತಿದೆ ಅನ್ಸಿದ್ರೆ ಮೈಸೂರಿನ ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿವಿನೂ ವಿಚಾರಿಸು, ಯಾವ್ದ್ರಲ್ಲೂ ನಂಗೆ ಬೇಜಾರಿಲ್ಲ. ಎಂಎಗೆ ಕಮ್ಮಿ ಅಂದ್ರೂ ಎರಡು ವರ್ಷ, ನಿನ್ನ ಶನಿವಾರ ಭಾನುವಾರಗಳೆಲ್ಲ ಅದಕ್ಕೇ ಹೋಗ್ತವೆ, ದುಡ್ಡಿಗಿಂತ ನಂಗೆ ಅದೇ ಯೋಚ್ನೆ.

ಬರೆದ ಉತ್ತರದ ಫೋಟೋ ವಾಟ್ಸಾಪಲ್ಲಿ ಹಾಕು, ನಾನೂ ಅಪ್ಪಾನೂ ಓದ್ತೀವಿ. ಸೇರ್ತೀನಿ ಅಂತ ನಿರ್ಧಾರ ಮಾಡಿದ್ರೆ ಮೊದಲ ವರ್ಷದ ಫೀಸ್ ನಾನ್ ಕಟ್ತೀನಿ, ಬೇಡ ಅನ್ಬೇಡ.

ಇತಿ ನಿನ್ನ,
ಅಮ್ಮ