ಬಿಪಿ, ಶುಗರ್ ನೋಡುವಾಗಲೇ ಎಚ್‌ಐವಿ ಪರೀಕ್ಷೆಗೂ ಕೇಳಿ

ಮಾನ್ಯ ಸಂಪಾದಕರೇ,

ಮೊನ್ನೆ ನಮ್ಮೂರ ಶಾಲೆಯ ಪಡಸಾಲೆಯಲ್ಲಿ ಬಿಪಿ, ಶುಗರ್ ತಪಾಸಣೆ ನಡೆಯಿತು. ಎಪ್ಪತ್ತು ದಾಟಿದ ಅಜ್ಜಿಯಂದಿರಿಂದ ಹಿಡಿದು ಗೋವಾದಲ್ಲಿ ಗಾರೆ ಕೆಲಸ ಮಾಡಿ ಊರಿಗೆ ಬಂದಿದ್ದ ಗಂಡಸರವರೆಗೆ ಎಲ್ಲರೂ ಸಾಲಿನಲ್ಲಿ ನಿಂತು ಬೆರಳು ಚಾಚಿದರು. ‘ನನಗ ಇನ್ನೂರಾ ಹತ್ತು ಬಂತು, ನಿನಗೆಷ್ಟು?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಆರೋಗ್ಯ ಸಹಾಯಕಿಯಾಗಿ ಮೂವತ್ತು ವರ್ಷ ಊರೂರು ತಿರುಗಿದ ನನಗೆ ಆ ಸಾಲು ನೋಡಿ ಸಂತೋಷವೂ ಆಯಿತು, ಸಂಕಟವೂ ಆಯಿತು. ಅದೇ ಬೆರಳಿನ ಇನ್ನೊಂದು ಹನಿ ರಕ್ತದಿಂದ ಅರ್ಧ ತಾಸಿನೊಳಗೆ ಎಚ್‌ಐವಿಯ ಮೊದಲ ಪರೀಕ್ಷೆಯೂ ಮುಗಿಯುತ್ತಿತ್ತು. ಯಾರೂ ಕೇಳಲಿಲ್ಲ.

ಈಗ ಆ ಪರೀಕ್ಷೆ ಬೇಕೆಂದರೆ ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಕೋಣೆಗೆ ಹೋಗಬೇಕು. ಬಾಗಿಲ ಮೇಲೆ ಬೋರ್ಡು, ಎದುರಿಗೇ ಹೊರರೋಗಿಗಳ ಸಾಲು. ‘ಆ ಖೋಲಿಗೆ ಕಾಲಿಟ್ರ ಸಂಜೀಕ ಊರ ತುಂಬ ಸುದ್ದಿ ಆಗತೈತ್ರೀ ಸಿಸ್ಟರ್’ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಗರ್ಭಿಣಿಯರಿಗೆ ತಪಾಸಣೆಯ ಜೊತೆಗೇ ಎಚ್‌ಐವಿ ಪರೀಕ್ಷೆ ಆಗುತ್ತದೆ, ಅದು ಒಳ್ಳೆಯದೇ. ಆದರೆ ಅವರ ಗಂಡಂದಿರು? ಹೆರಿಗೆಯ ವಯಸ್ಸು ಮುಗಿದ ಹೆಂಗಸರು? ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಚೊಚ್ಚಲ ಬಸುರಿಗೆ ಪಾಸಿಟಿವ್ ಬಂತು. ಗುಳೆ ಹೋಗಿದ್ದ ಗಂಡನನ್ನು ಪರೀಕ್ಷೆಗೆ ಕರೆತರಲು ಆಗಲೇ ಇಲ್ಲ. ಎರಡು ವರ್ಷದ ಮೇಲೆ ಟಿಬಿ ಹತ್ತಿ, ಎಲುಬು ಚರ್ಮ ಒಂದಾಗಿ ಬಂದ. ಅಷ್ಟೂ ದಿನ ಊರವರು ಅವಳನ್ನೇ ದೂರಿದರು. ಆ ಹುಡುಗಿಯ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಬಿಪಿ, ಶುಗರ್ ಮತ್ತು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ 30 ವರ್ಷ ಮೇಲ್ಪಟ್ಟ ಎಲ್ಲರಿಗೂ ಆಗಬೇಕೆಂದು ಸರ್ಕಾರದ ಕಾರ್ಯಕ್ರಮವೇ ಇದೆ. ಗರ್ಭಿಣಿಯರ ಪರೀಕ್ಷೆಯ ಕೈಗೆ ಸಿಗದವರೇ ಈ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಊರಿನಲ್ಲೇ ಬೆರಳು ಚುಚ್ಚಿ ಎಚ್‌ಐವಿಯ ಮೊದಲ ಪರೀಕ್ಷೆ ಮಾಡಲು ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಅವಕಾಶ ಕೊಟ್ಟಿದೆ. ಪಾಸಿಟಿವ್ ಸುಳಿವು ಸಿಕ್ಕವರಿಗೆ ಐಸಿಟಿಸಿಯಲ್ಲಿ ಮತ್ತೆ ಪರೀಕ್ಷಿಸಿ ಖಚಿತಪಡಿಸಿದರಾಯಿತು. ಉಗಾಂಡ ಮತ್ತು ಕೆನ್ಯಾದ 32 ಗ್ರಾಮೀಣ ಪ್ರದೇಶಗಳಲ್ಲಿ 2013ರಿಂದ ಇದನ್ನೇ ಮಾಡಿ ನೋಡಿದರು. ಬಿಪಿ, ಶುಗರ್, ಎಚ್‌ಐವಿ ಎಲ್ಲ ಒಂದೇ ಶಿಬಿರದಲ್ಲಿ. ಬಾರದವರ ಮನೆಗೆ ತಾವೇ ಹೋದರು. ದೊಡ್ಡವರಲ್ಲಿ ನೂರಕ್ಕೆ ಸುಮಾರು 90 ಜನ ಪರೀಕ್ಷೆಗೆ ಒಪ್ಪಿದರು. ನಮ್ಮ ಕುಷ್ಟಗಿ, ಲಿಂಗಸುಗೂರು, ಸಿಂಧನೂರಿನ ಜನ ಒಪ್ಪಲಾರರು ಎಂದುಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಶುಗರ್ ನೋಡುತ್ತೇವೆಂದು ಬೆರಳು ಚುಚ್ಚಿ, ಹೇಳದೆ ಕೇಳದೆ ಎಚ್‌ಐವಿಯನ್ನೂ ನೋಡಿಬಿಡಬಾರದು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ತಿಳಿಸಿ ಒಪ್ಪಿಗೆ ಪಡೆದ ಮೇಲೆಯೇ ಪರೀಕ್ಷೆ. ಬೇಡ ಎಂದವರಿಗೆ ಬಿಪಿ ಗುಳಿಗೆ ಕೊಡುವುದು ತಪ್ಪಬಾರದು. ಫಲಿತಾಂಶವನ್ನು ಸಾಲಿನಲ್ಲಿ ಹೇಳುವಂತಿಲ್ಲ. ಪ್ರತಿಯೊಬ್ಬರನ್ನೂ, ಏನೂ ಇಲ್ಲದವರನ್ನೂ ಸಹ, ಬೇರೆ ಕೋಣೆಗೆ ಕರೆದು ಅಷ್ಟೇ ಹೊತ್ತು ಮಾತಾಡಿಸಬೇಕು. ಇಲ್ಲದಿದ್ದರೆ ಹೆಚ್ಚು ಹೊತ್ತು ಒಳಗೆ ಕೂತವರು ಯಾರೆಂದು ಹೊರಗಿನವರು ಲೆಕ್ಕ ಹಾಕುತ್ತಾರೆ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಹೆಸರಿನ ಪಟ್ಟಿ ಆಶಾ ಕಾರ್ಯಕರ್ತೆಯ ಕೈಗೂ ಹೋಗಬಾರದು. ಆಕೆಯ ಮೇಲೆ ನನಗೆ ಅನುಮಾನವಿಲ್ಲ. ಆದರೆ ಆಕೆ ಅದೇ ಊರಿನ ಸೊಸೆ, ಕೇಳುವವರು ಅತ್ತೆ, ನಾದಿನಿಯರು. ಅಂಥ ಭಾರವನ್ನು ಆಕೆಯ ತಲೆಗೆ ಕಟ್ಟಬಾರದು. ಸಮಾಲೋಚನೆಗೆ ಐಸಿಟಿಸಿಯ ಆಪ್ತ ಸಮಾಲೋಚಕರೇ ಬರಬೇಕು.

ಪತ್ತೆಯಾದ ಮೇಲೂ ಎಚ್‌ಐವಿಗೆ ಚಿಕಿತ್ಸೆ ಕೊಡುವವರು, ಬಿಪಿ, ಶುಗರ್ ನೋಡುವವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುವುದು ಅಗತ್ಯ. ಎಚ್‌ಐವಿ ವೈರಸ್ ಹತ್ತಿಕ್ಕುವ ಎಆರ್‌ಟಿ ಗುಳಿಗೆ 2004ರಿಂದ ಉಚಿತವಾಗಿ ಸಿಗುತ್ತಿದೆ. 2017ರಿಂದ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ, ಪತ್ತೆಯಾದವರೆಲ್ಲರಿಗೂ ಚಿಕಿತ್ಸೆ. ಬಿಡದೆ ನುಂಗಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಹಾಗಾಗಿ ಎಚ್‌ಐವಿ ಇದ್ದವರು ಈಗ ಅರವತ್ತು, ಎಪ್ಪತ್ತು ಕಾಣುತ್ತಿದ್ದಾರೆ, ಅವರಿಗೂ ಬಿಪಿ, ಶುಗರ್ ಬರುತ್ತಿದೆ. ಎಆರ್‌ಟಿಯಲ್ಲಿ ಈಗ ಕೊಡುವ ಡೊಲುಟೆಗ್ರಾವಿರ್, ಶುಗರ್ ಗುಳಿಗೆ ಮೆಟ್‌ಫಾರ್ಮಿನ್‌ನ ಅಂಶವನ್ನು ರಕ್ತದಲ್ಲಿ ಏರಿಸುತ್ತದೆ. ಒಂದು ಕಡೆಯ ವೈದ್ಯರಿಗೆ ಇನ್ನೊಂದು ಕಡೆಯ ಗುಳಿಗೆ ಗೊತ್ತಿಲ್ಲದಿದ್ದರೆ ಕಷ್ಟ ರೋಗಿಗೆ. ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು ಹೆಚ್ಚು. ಆ ತಪಾಸಣೆ ಅವರಿಗೆ ಮೊದಲು ಆಗಬೇಕು. ಎರಡು ಆಸ್ಪತ್ರೆಗೆ ಎರಡು ದಿನ ಅಲೆಯುವುದೆಂದರೆ ಎರಡು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ.

ಕೊಪ್ಪಳ, ರಾಯಚೂರು ಜಿಲ್ಲೆಗಳ ಆರೋಗ್ಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮೊದಲು ಒಂದೊಂದು ತಾಲ್ಲೂಕಿನಲ್ಲಾದರೂ ಇದನ್ನು ಮಾಡಿ ನೋಡಿ. ಶಿಬಿರವನ್ನು ಹಗಲು ಹನ್ನೊಂದಕ್ಕೆ ಇಡಬೇಡಿ, ಆಗ ಜನ ಹೊಲದಲ್ಲಿರುತ್ತಾರೆ. ಗುಳೆ ಹೋದವರೆಲ್ಲ ಅಲಾಯಿ ಹಬ್ಬಕ್ಕೆ (ಮೊಹರಂ), ಯುಗಾದಿಗೆ ಊರಿಗೆ ಬರುತ್ತಾರೆ. ಆ ವಾರದಲ್ಲಿ, ಸಂಜೆ ಆರರ ಮೇಲೆ ಇಡಿ.

– ನಿವೃತ್ತ ಆರೋಗ್ಯ ಸಹಾಯಕಿ
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ